ಸ್ವಂತ ಮಗಳು ಅನ್ನುವ ಚೌಕ

ಸದಫ್ ಮೊಬೈಲು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಾಗ ಕಮಲಾಕ್ಷಿ ಅಡುಗೆಮನೆಯ ಬಾಗಿಲಲ್ಲಿ ಕೂತು ಜವಳಿಕಾಯಿಯ ನಾರು ತೆಗೆಯುತ್ತಿದ್ದಳು. ಹುಡುಗಿಯ ಮುಖದಲ್ಲಿ ನಗುವಿತ್ತು. ಒಂದೂವರೆ ವರ್ಷದಿಂದ ಕೆನಡಾದ ಕಡೆಯಿಂದ ಒಂದು ಸಾಲೂ ಬಂದಿರಲಿಲ್ಲ. ಈ ದಿನ ಬಂದಿತ್ತು.

"ಆಂಟಿ, ನಮ್ಮ ಫೈಲಿಗೆ ಜೀವ ಬಂದಿದೆ," ಅಂದಳು. "ಇನ್ನೊಂದೇ ಒಂದು ಕೇಳಿದ್ದಾರೆ. ನನ್ನದು ಮತ್ತು ಮಾದರ್‌ದು ಡಿಎನ್‌ಎ ಪರೀಕ್ಷೆ. ಕೆನ್ನೆ ಒಳಗೆ ಹತ್ತಿ ಸವರಿ ತೆಗೀತಾರಂತೆ, ಅಷ್ಟೇ. ಅಹಮದಾಬಾದಿನಲ್ಲೇ ಆಗುತ್ತೆ. ಅರವತ್ತು ದಿನ ಟೈಮು ಕೊಟ್ಟಿದ್ದಾರೆ."

ಮಾದರ್ ಅಂದರೆ ಅವರ ಮಾತಿನಲ್ಲಿ ತಾಯಿ. ಆ ತಾಯಿ ಮರ್ಜಿಯಾ ಮಗಳ ಹಿಂದೆಯೇ ಅರ್ಧ ಮೆಟ್ಟಿಲಲ್ಲಿ ನಿಂತಿದ್ದಳು. ಒಂದು ಕೈ ಗೋಡೆಯ ಮೇಲಿತ್ತು. ಕಣ್ಣು ಮಂಜಾದ ಮೇಲೆ ಆಕೆ ಗೋಡೆ ಮುಟ್ಟದೆ ಇಳಿಯುತ್ತಿರಲಿಲ್ಲ. ಕಮಲಾಕ್ಷಿ ಕೈಯಲ್ಲಿದ್ದ ಕಾಯಿಯನ್ನು ನಾರು ತೆಗೆಯದೆ ಹಾಗೆಯೇ ಪಾತ್ರೆಗೆ ಹಾಕಿದಳು.

"ಒಳ್ಳೇದಾಯ್ತಲ್ಲ," ಅಂದಳು, ಏನಾದರೂ ಅನ್ನಬೇಕಲ್ಲ ಎಂದು.

"ಒಳ್ಳೇದೇ. ಮತ್ತೆ ನೀವ್ಯಾಕೆ ಮುಖ ಸಣ್ಣ ಮಾಡಿದ್ದೀರಿ? ಮೇಲಿನ ಮನೆ ಖಾಲಿಯಾಗುತ್ತೆ ಅಂತಲಾ?"

ಹುಡುಗಿ ನಗುತ್ತಲೇ ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ಹೊರಟುಹೋದಳು. ವಾರಕ್ಕೆ ಮೂರು ದಿನ ಅವಳು ಬೆಳಗಿನ ರೈಲಿಗೆ ವಡೋದರಾದಿಂದ ಅಹಮದಾಬಾದಿಗೆ ಹೋಗಿ, ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಪರದೇಶದ ರೋಗಿಗಳಿಗೆ ದುಭಾಷಿಯಾಗಿ ಕೆಲಸ ಮಾಡುತ್ತಿದ್ದಳು. ಅವಳು ಹೋದ ಮೇಲೆ ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮರ್ಜಿಯಾ ಬಂದಂತೆಯೇ ಗೋಡೆ ಹಿಡಿದು ಮೇಲೆ ಹೋದಳು.

ಇಬ್ಬರಿಗೂ ಗೊತ್ತಿದ್ದದ್ದು, ಸದಫ್‌ಗೆ ಗೊತ್ತಿಲ್ಲದ್ದು ಒಂದೇ ವಿಷಯ. ಮರ್ಜಿಯಾ ಅವಳನ್ನು ಹೆತ್ತಿರಲಿಲ್ಲ.

ಕಮಲಾಕ್ಷಿ ಮತ್ತು ಅವಳ ಗಂಡ ಶ್ರೀಪಾದರು ಧಾರವಾಡದವರು. ಬ್ಯಾಂಕಿನ ವರ್ಗಾವಣೆಯಲ್ಲಿ ಮೂರು ವರ್ಷಕ್ಕೆಂದು ವಡೋದರಾಕ್ಕೆ ಬಂದು, ಮೂವತ್ತು ವರ್ಷ ಉಳಿದು, ಫತೇಗಂಜಿನಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡಿದ್ದರು. ಮೇಲಿನ ಎರಡು ಕೋಣೆಗಳಲ್ಲಿ ಯಾವಾಗಲೂ ಯೂನಿವರ್ಸಿಟಿಯ ಹುಡುಗಿಯರು ಇರುತ್ತಿದ್ದರು. ಆದರೆ ತಾಯಿಯನ್ನು ಕಟ್ಟಿಕೊಂಡು ಬಂದ ವಿದ್ಯಾರ್ಥಿನಿ ಇವಳೊಬ್ಬಳೇ. ಸದಫ್ ಕಾಬೂಲಿನಿಂದ ಸ್ಕಾಲರ್‌ಶಿಪ್ಪಿನ ಮೇಲೆ ಬಿ.ಕಾಂ. ಓದಲು ಬಂದಿದ್ದಳು. ಎರಡು ಸಾವಿರದ ಇಪ್ಪತ್ತೊಂದರ ಬೇಸಿಗೆಯಲ್ಲಿ ತಾಯಿ ಕಣ್ಣಿನ ಚಿಕಿತ್ಸೆಗೆಂದು ಎರಡು ತಿಂಗಳ ಮಟ್ಟಿಗೆ ಮಗಳ ಹತ್ತಿರ ಬಂದಳು. ಆಗಸ್ಟಿನಲ್ಲಿ ಅಲ್ಲಿಯ ಸರ್ಕಾರ ಬಿತ್ತು. ಮರ್ಜಿಯಾಳ ಗಂಡ ಅದಕ್ಕೂ ಮೊದಲೇ ಒಂದು ಸ್ಫೋಟದಲ್ಲಿ ಹೋಗಿದ್ದ. ವಾಪಸು ಹೋಗಲು ಯಾರ ಮನೆಯೂ ಉಳಿದಿರಲಿಲ್ಲ. ಹಾಸ್ಟೆಲಿನವರು ತಾಯಿಯನ್ನು ಇಟ್ಟುಕೊಳ್ಳುವುದಿಲ್ಲ ಅಂದಾಗ, ಎರಡು ಚೀಲ ಹೊತ್ತು ಇಬ್ಬರೂ ಈ ಮನೆಯ ಗೇಟಿನಲ್ಲಿ ನಿಂತಿದ್ದರು.

ಮರ್ಜಿಯಾಳ ಮೈದುನನೊಬ್ಬ ಬಹಳ ಹಿಂದೆಯೇ ಕೆನಡಾ ಸೇರಿದ್ದ. ಅವನೂ ಅವನ ನಾಲ್ಕು ಜನ ಗೆಳೆಯರೂ ಸೇರಿ, ಇವರಿಬ್ಬರ ಮೊದಲ ವರ್ಷದ ಖರ್ಚು ನಮ್ಮದು ಎಂದು ಸರ್ಕಾರಕ್ಕೆ ಬರೆದುಕೊಟ್ಟು ಅರ್ಜಿ ಹಾಕಿದರು. ಅದು ಹೋದ ವರ್ಷದ ಜನವರಿ, ಉತ್ತರಾಯಣದ ಗಾಳಿಪಟದ ದಿನಗಳು.

ಅವತ್ತಿನ ಮಧ್ಯಾಹ್ನವನ್ನು ಕಮಲಾಕ್ಷಿ ಈಗ ದಿನಕ್ಕೆ ಹತ್ತು ಸಲ ತಿರುವಿ ನೋಡುತ್ತಿದ್ದಳು. ಫಾರ್ಮುಗಳನ್ನೆಲ್ಲ ಸದಫ್ ತುಂಬಿಟ್ಟು ಕಾಲೇಜಿಗೆ ಹೋಗಿದ್ದಳು. ತಾಯಿ ತನ್ನ ಹಾಳೆಯ ಚೌಕಕ್ಕೆ ಗುರುತು ಹಾಕಿ ಸಹಿ ಮಾಡುವುದಷ್ಟೇ ಬಾಕಿ. ಮರ್ಜಿಯಾ ಅದರಲ್ಲಿ ಒಂದೇ ಒಂದು ಹಾಳೆ ಎತ್ತಿಕೊಂಡು ಕೆಳಗೆ ಬಂದಿದ್ದಳು. ಅವರ ನಡುವಿನ ಮಾತೆಲ್ಲ ಹಿಂದಿಯಲ್ಲಿ. ಇವಳದು ಧಾರವಾಡದ ಹಿಂದಿ, ಅವಳದು ಅವಳ ಹುಟ್ಟೂರು ಬಾಮಿಯಾನದ ಹಿಂದಿ. ಆದರೂ ಈ ಮನೆಗೆ ಬಂದ ನಾಲ್ಕು ತಿಂಗಳೊಳಗೆ ಇಬ್ಬರೂ ಅದರಲ್ಲಿ ಹಪ್ಪಳದ ಹದದ ಬಗ್ಗೆ ಜಗಳವಾಡುವಷ್ಟು ಪಳಗಿದ್ದರು.

"ಬೆಹೆನ್, ಇಲ್ಲಿ ಮೂರು ಚೌಕ ಇವೆ," ಅಂದಿದ್ದಳು ಮರ್ಜಿಯಾ. "ಜೊತೆಗೆ ಬಂದಿರೋ ಫಾರ್ಸಿ ಹಾಳೆ ಓದಿದೆ. ಸ್ವಂತ ಮಗಳು ಒಂದು. ದತ್ತು ಒಂದು. ಇನ್ನೊಂದು ಬೇರೆ ಥರ. ಬೇರೆ ಥರ ಇದ್ದರೆ ಹೇಗೆ ಅಂತ ಕೆಳಗೆ ಬರೀಬೇಕು. ಹುಡುಗಿ ಮೊದಲನೇದು ಅಂತ ತಿಳಿದುಕೊಂಡಿದ್ದಾಳೆ. ನಾನು ಮೂರನೇದು ಬರೀಬೇಕಾ ಅಂತ."

ಹಾಗೆ ಹೇಳಿ, ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ಕೂತು ಹೇಳಿದ್ದಳು. ತಂಗಿ ಗುಲ್‌ಚೆಹ್ರಾ ಹೆತ್ತ ನಾಲ್ಕನೇ ದಿನ ತೀರಿಕೊಂಡದ್ದು. ತಂಗಿಯ ಗಂಡ ಕೂಲಿಗೆಂದು ಇರಾನಿಗೆ ಹೋದವನು ತಿರುಗಿ ಬಾರದ್ದು. ಆಗ ಮರ್ಜಿಯಾಳ ಮಡಿಲಲ್ಲಿ ಐದು ತಿಂಗಳ ಗಂಡುಮಗು. ಒಂದು ಎದೆಗೆ ಅವನು, ಇನ್ನೊಂದಕ್ಕೆ ಇವಳು. ಚಳಿಗಾಲದಲ್ಲಿ ಅವನು ಕೆಮ್ಮಿ ಕೆಮ್ಮಿ ಹೋದ. ಇವಳು ಉಳಿದಳು. ಕಾಬೂಲಿಗೆ ಬಂದಾಗ ಗಂಡ ಇವಳನ್ನು ತನ್ನ ಮಗಳೆಂದೇ ಕಾಗದದಲ್ಲಿ ಬರೆಸಿದ.

ಕೇಳಿದ ಕಮಲಾಕ್ಷಿ ಕಣ್ಣೊರೆಸಿಕೊಂಡಿದ್ದಳು. ಅವಳೂ ಅಂಥವಳೇ. ಅವಳ ತಾಯಿ ಬಾಣಂತನದಲ್ಲೇ ಹೋಗಿ, ಚಿಕ್ಕವ್ವ ಹಾಲೂಡಿಸಿ ಬೆಳೆಸಿದ್ದಳು. ಶಾಲೆಯ ಪುಸ್ತಕದಲ್ಲಿ, ರೇಶನ್ ಕಾರ್ಡಿನಲ್ಲಿ, ಮದುವೆಯ ಕರೆಯೋಲೆಯಲ್ಲಿ ತಾಯಿ ಎಂದಿದ್ದದ್ದು ಚಿಕ್ಕವ್ವನ ಹೆಸರು. ಅರವತ್ತು ವರ್ಷದಲ್ಲಿ ಯಾವ ಕಚೇರಿಯವನೂ, ಯಾವ ಬೀಗರೂ ಅದನ್ನು ಕೆದಕಿರಲಿಲ್ಲ. ಕೆದಕಿದ್ದರೆ ಊರಿನವರೇ ಅವರ ಬಾಯಿ ಮುಚ್ಚಿಸುತ್ತಿದ್ದರು.

"ಇದರಲ್ಲಿ ಬರೆಯೋದೇನಿದೆ?" ಅಂದಿದ್ದಳು ಆಗ. "ತಂಗಿ ಮಗಳು ಅಂದರೆ ಮಗಳೇ. ಅದೂ ಎದೆ ಹಾಲು ಕೊಟ್ಟಿದ್ದೀ. ಬೇರೆ ಥರ ಅಂತ ಬರೆದು ಹುಡುಗಿಯ ಮುಂದೆ ಎದ್ದು ಕಾಣೋ ಹಾಗೆ ಮಾಡ್ತೀಯಾ?"

"ಪಕ್ಕಾನಾ, ಬೆಹೆನ್?"

"ಪಕ್ಕಾ. ನನ್ನನ್ನೇ ನೋಡು."

ಮರ್ಜಿಯಾ ಇನ್ನೊಮ್ಮೆ ಕೇಳಿದ್ದಳು. ಕಮಲಾಕ್ಷಿ ಇನ್ನೊಮ್ಮೆ ಪಕ್ಕಾ ಅಂದಿದ್ದಳು. ಆಮೇಲೆ ಕನ್ನಡಕ ಹಾಕಿಕೊಂಡು, ನೀಲಿ ಪೆನ್ನು ಹುಡುಕಿ, ಮೊದಲನೇ ಚೌಕದೊಳಗೆ ತಾನೇ ಗುರುತು ಹಾಕಿ, ಸಹಿ ಎಲ್ಲಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದ್ದಳು. ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಅವತ್ತು ಇಬ್ಬರಿಗೂ ಶಿರಾ ಮಾಡಿದ್ದಳು.

ಡಿಎನ್‌ಎ ಪರೀಕ್ಷೆ ಕೇಳಿದ ಕಾಗದ ಬಂದ ಮೂರನೇ ದಿನ ಮರ್ಜಿಯಾ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಕಮಲಾಕ್ಷಿ ಮೇಲೆ ಹೋದಳು.

"ನಾನು ಯೋಚನೆ ಮಾಡಿದೆ," ಅಂದಳು ಮರ್ಜಿಯಾ. "ಪರೀಕ್ಷೆ ಆಗಲಿ. ಎರಡು ವರ್ಷ ನನ್ನ ಹಾಲು ಕುಡಿದಿದ್ದಾಳೆ. ಹಾಲು ರಕ್ತ ಆಗಿರುತ್ತೆ. ನಮ್ಮಲ್ಲಿ ಒಂದೇ ಎದೆಯ ಹಾಲು ಕುಡಿದವರು ಮದುವೆ ಕೂಡ ಆಗೋ ಹಾಗಿಲ್ಲ, ಅಷ್ಟು ಗಟ್ಟಿ ಸಂಬಂಧ ಅದು. ಯಂತ್ರದಲ್ಲಿ ಕಾಣಲ್ವಾ?"

ಕಮಲಾಕ್ಷಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅವಳ ಒಳಗೂ ಒಂದು ಮೂಲೆಯಲ್ಲಿ ಅದೇ ಆಸೆ ಕೂತಿತ್ತು. ರಾತ್ರಿ ಊಟಕ್ಕೆ ಬಡಿಸುವಾಗ ಗಂಡನನ್ನು ಸುತ್ತು ಬಳಸಿ ಕೇಳಿದಳು.

"ಏನ್ರೀ, ಹಾಲು ಕುಡಿಸಿದಾಕಿ ಗುರುತು ಕೂಸಿನ ರಕ್ತದಾಗ ಉಳೀತದೇನು?"

ಶ್ರೀಪಾದರು ರೊಟ್ಟಿ ಮುರಿಯುತ್ತಿದ್ದವರು ತಲೆ ಎತ್ತಿದರು. "ಹಂಗಿದ್ರ ನಾ ಇಷ್ಟೊತ್ತಿಗೆ ಎಮ್ಮೀಗೆ ಮಗ ಆಗಬೇಕಿತ್ತು. ಯಾಕ ಕೇಳ್ತಿ?"

"ಸುಮ್ನ."

"ನೀ ಸುಮ್ನ ಕೇಳೂ ಪೈಕಿ ಅಲ್ಲ. ಹೇಳು."

ಅವಳು ಹೇಳಿದಳು. ಶ್ರೀಪಾದರ ಕೈ ತಟ್ಟೆಯಲ್ಲೇ ನಿಂತಿತು. ಮೂವತ್ತೈದು ವರ್ಷ ಸಾಲದ ಅರ್ಜಿ ತಿರುವಿ ಹಾಕಿದ ಮನುಷ್ಯ.

"ತಪ್ಪು ಬರದದ್ದಕ್ಕ ಕ್ಷಮಾ ಇರ್ತದ," ಅಂದರು ಕಡೆಗೆ. "ಗೊತ್ತಿದ್ದೂ ಬರದದ್ದಕ್ಕ ಇರೂದಿಲ್ಲ. ಪರೀಕ್ಷಾ ಆಗಿ ಸಿಕ್ಕರ ತಾಯಿ ಮಗಳು ಇಬ್ಬರದೂ ಹೋತು. ಅದಕ್ಕೂ ಮೊದಲ ತಾವಾಗೇ ಹೇಳಿದ್ರ ಒಬ್ಬಾಕಿದರ ಉಳೀಬಹುದು. ಹುಡುಗಿಗೆ ಹೇಳಬೇಕು, ಕಮಲಾ."

"ಅಕಿ ಎದಿ ಒಡೀತದ್ರಿ."

"ಲ್ಯಾಬಿನ ಕಾಗದದಾಗ ಓದಿ ತಿಳಕೊಂಡ್ರ ಒಡಿಯೂದಿಲ್ಲೇನು?"

ಆದರೂ ಅವಳು ದಿನ ದೂಡಿದಳು. ಇಂದು ಗುರುವಾರ, ನಾಳೆ ಹುಡುಗಿಗೆ ಕೆಲಸ, ನಾಡಿದ್ದು ದಣಿದು ಬಂದಿರುತ್ತಾಳೆ. ಸದಫ್ ಲ್ಯಾಬಿಗೆ ಫೋನು ಮಾಡಿ ದಿನ ಗೊತ್ತುಮಾಡಿಕೊಂಡಳು. ಮರ್ಜಿಯಾ ಬಾಯಿ ಬಿಡಲಾರಳು ಎಂಬುದು ಕಮಲಾಕ್ಷಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಬಿಡದ ಬಾಯಿ ಅದು. ಲ್ಯಾಬಿನ ದಿನಕ್ಕೆ ಮೂರು ದಿನ ಮುಂಚೆ, ಭಾನುವಾರ ಬೆಳಿಗ್ಗೆ, ಕಮಲಾಕ್ಷಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.

ಸದಫ್ ಆಸ್ಪತ್ರೆಯ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಮರ್ಜಿಯಾ ಮೂಲೆಯಲ್ಲಿ ಹಿಟ್ಟು ನಾದುತ್ತಿದ್ದಳು. ಕಮಲಾಕ್ಷಿಯ ಮುಖ ಸರಿಯಾಗಿ ಕಾಣದಿದ್ದರೂ ಅವಳು ಬಂದ ರೀತಿಯಲ್ಲೇ ಮರ್ಜಿಯಾಗೆ ತಿಳಿಯಿತು. ನಾದುವ ಕೈ ನಿಂತಿತು.

ಕಮಲಾಕ್ಷಿ ಪೀಠಿಕೆ ಹಾಕಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಂಗಿಯ ಹೆಸರು ಹೇಳಿದಳು, ನಾಲ್ಕನೇ ದಿನ ಎಂದು ಹೇಳಿದಳು, ಐದು ತಿಂಗಳ ಗಂಡುಮಗುವಿನ ಮಾತು ಹೇಳಿದಳು. ಮರ್ಜಿಯಾ ತಡೆಯಲಿಲ್ಲ, ಅಳಲೂ ಇಲ್ಲ. ಹಿಟ್ಟಿನ ಬೆರಳುಗಳನ್ನು ಒಂದೊಂದಾಗಿ ಉಜ್ಜಿ ಬಿಡಿಸಿಕೊಳ್ಳುತ್ತ ಕೂತಿದ್ದಳು.

ಸದಫ್ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ತಾಯಿಯ ಕಡೆ ತಿರುಗಿ ತಮ್ಮ ಮಾತಿನಲ್ಲಿ ಏನೋ ಕೇಳಿದಳು, ಒಂದೇ ಪ್ರಶ್ನೆ. ಮರ್ಜಿಯಾ ಹೌದೆಂದು ತಲೆ ಆಡಿಸಿದಳು. ಹುಡುಗಿ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತಳು. ಭುಜಕ್ಕೆ ಭುಜ ತಾಗಿಸಿ, ಗೋಡೆ ನೋಡುತ್ತ, ಇಬ್ಬರೂ ಹಾಗೇ ಇದ್ದರು. ಕಮಲಾಕ್ಷಿಗೆ ಒಂದು ಗಳಿಗೆ ಉಸಿರು ಬಂದಂತಾಯಿತು. ಇಷ್ಟೇನಾ, ಇದನ್ನು ಅವರು ದಾಟಿಬಿಟ್ಟರು ಅನ್ನಿಸಿತು.

ಆಮೇಲೆ ಸದಫ್ ಹಿಂದಿಯಲ್ಲಿ ಕೇಳಿದಳು. "ಮಾದರ್ ಮೂರನೇ ಚೌಕ ಬರೀಬೇಕು ಅಂತಲೇ ನಿಮ್ಮ ಹತ್ತಿರ ಬಂದಿದ್ದಳಾ?"

"ಹೌದು."

"ಬೇಡ ಅಂದದ್ದು ನೀವಾ?"

"ನಾನೇ. ಎರಡು ಸಲ ಕೇಳಿದಳು. ಎರಡು ಸಲನೂ ನಾನೇ."

ಸದಫ್ ದನಿ ಏರಿಸಲಿಲ್ಲ. ರೋಗಿಗಳಿಗೆ ಕಾಯಿಲೆ ತಿಳಿಸಿ ಹೇಳುವ ದನಿಯಲ್ಲೇ ಅಂದಳು, "ಆ ಚೌಕ ನಮ್ಮಂಥವರಿಗೇ ಅಂತ ಇಟ್ಟಿದ್ದು, ಆಂಟಿ. ಆಗ ನಾನು ಓದ್ತಿದ್ದೆ, ಕೆಲಸ ಇರಲಿಲ್ಲ, ಅವಳನ್ನೇ ನಂಬಿದ್ದೆ. ಅಂಥವರನ್ನ ಜೊತೆಗೆ ಕರಕೊಳ್ಳೋಕೆ ಅವರ ಹತ್ತಿರ ದಾರಿ ಇದೆ. ಆಸ್ಪತ್ರೆಗೆ ಬರೋ ನಮ್ಮವರ ಇಂಥ ಕಾಗದ ನಾನು ಎಷ್ಟೋ ನೋಡಿದೀನಿ. ಅವತ್ತೇ ಬರೆದಿದ್ದರೆ ಆಗ್ತಿತ್ತು."

"ನಮ್ಮ ಕಡೆ..." ಎಂದು ಕಮಲಾಕ್ಷಿ ಶುರುಮಾಡಿದಳು.

"ನಿಮ್ಮ ಕಡೆ ನಿಮ್ಮ ಕಡೆಗೆ ಸರಿ."

ಅಷ್ಟೇ ಅಂದದ್ದು. ಕಮಲಾಕ್ಷಿ ಇಳಿದು ಬಂದು ದೇವರ ಕೋಣೆಯ ಮುಂದೆ ಕೂತಳು. ಕೈ ಮುಗಿಯಲಿಲ್ಲ. ಸುಮ್ಮನೆ ಕೂತಳು.

ಲ್ಯಾಬಿನ ದಿನ ರದ್ದುಮಾಡಿ, ಕೆನಡಾದವರಿಗೆ ನಿಜ ತಿಳಿಸುವ ಪತ್ರವನ್ನು ಸದಫ್ ತಾನೇ ಬರೆದಳು, ಎರಡು ಸಂಜೆ ಕೂತು. ಕಮಲಾಕ್ಷಿ ತನ್ನ ಆಧಾರ್ ಕಾರ್ಡು ಹಿಡಿದುಕೊಂಡು ಮೇಲೆ ಹೋದಳು. "ನನ್ನ ಹೆಸರು ಬರಿ," ಅಂದಳು. "ಗುರುತು ಹಾಕಿದ್ದು ನಾನು, ತಿಳಿಯದ ಮುದುಕಿ ಅಂತ ಬರಿ. ಬೇಕಾದರೆ ಕೋರ್ಟಿಗೆ ಹೋಗಿ ನೋಟರಿ ಮುಂದೆ ಸಹಿ ಮಾಡಿಕೊಡ್ತೀನಿ."

ಹುಡುಗಿ ಬರೆಯುವುದು ನಿಲ್ಲಿಸದೆ ಹೇಳಿದಳು. "ಬೇರೆ ಯಾರಾದರೂ ತುಂಬಿಕೊಟ್ಟಿದ್ದಾರಾ ಅಂತ ಅದರಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಇಲ್ಲ ಅಂತ ಬರೆದಿದೆ. ನಿಮ್ಮ ಹೆಸರು ಬಂದರೆ ಅದೂ ಸುಳ್ಳಾಗುತ್ತೆ. ಮಾದರ್ ಹೆದರಿ ಬರೆದಳು ಅಂತ ಬರೀತಿದೀನಿ."

"ಹೆದರಿದ್ದು ಅವಳಲ್ಲವಲ್ಲ."

"ಗೊತ್ತು, ಆಂಟಿ."

ತಪ್ಪು ತನ್ನದು ಎಂದು ಹೇಳಿಕೊಳ್ಳಲು ಆ ಕಾಗದದಲ್ಲಿ ಒಂದು ಸಾಲಿನ ಜಾಗವೂ ಅವಳಿಗಿರಲಿಲ್ಲ. ಆಧಾರ್ ಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ಇಳಿದು ಬಂದಳು. ಮರುದಿನ ಸೂರತ್ತಿನಿಂದ ಶ್ರೀಪಾದರ ತಂಗಿ ಫೋನು ಮಾಡಿ, ನವರಾತ್ರಿಗೆ ಬಾರೆಂದು ಕರೆದಾಗ, ಮೊಣಕಾಲು ನೋವು ಅಂದಳು. ಕಾಗದಕ್ಕೆ ಉತ್ತರ ಬರುವವರೆಗೆ ಆ ಮನೆ ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಕೆನಡಾದವರು ಮರ್ಜಿಯಾಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಎರಡು ಗಂಟೆ ಪ್ರಶ್ನೆ ಕೇಳಿದರು. ಡಿಸೆಂಬರಿನಲ್ಲಿ ತೀರ್ಮಾನ ಬಂತು. ತಾವಾಗಿಯೇ ನಿಜ ಹೇಳಿದ್ದರಿಂದ ಮರ್ಜಿಯಾಳ ಅರ್ಜಿಯನ್ನು ಒಪ್ಪಿದ್ದೇವೆ. ಸದಫ್ ಆಕೆಯ ತಂಗಿಯ ಮಗಳು, ವಯಸ್ಕಳು, ಈಗ ದುಡಿಯುತ್ತಿದ್ದಾಳೆ, ಆಕೆಯ ಆಶ್ರಯದಲ್ಲಿಲ್ಲ. ಬೇಕಿದ್ದರೆ ಬೇರೆಯಾಗಿ ಅರ್ಜಿ ಹಾಕಬಹುದು. ಅದಕ್ಕೆ ಎಷ್ಟು ವರ್ಷ ಹಿಡಿಯುತ್ತದೆಂದು ಬರೆದಿರಲಿಲ್ಲ.

ಮರ್ಜಿಯಾ ಹೋಗುವುದಿಲ್ಲ ಅಂದಳು. ಎಂಟು ದಿನ ಸರಿಯಾಗಿ ಉಣ್ಣಲಿಲ್ಲ. ಮೇಲಿನ ಕೋಣೆಯಿಂದ ಇಬ್ಬರ ಮಾತು ಒಮ್ಮೆ ಜೋರಾಗಿ, ಒಮ್ಮೆ ಬೇಡಿಕೊಳ್ಳುವಂತೆ ಕೇಳಿಬರುತ್ತಿತ್ತು. ಭಾಷೆ ತಿಳಿಯದಿದ್ದರೂ ಕಮಲಾಕ್ಷಿಗೆ ಅರ್ಥವಾಗುತ್ತಿತ್ತು. ಒಂಬತ್ತನೇ ದಿನ ಸದಫ್ ಕೆಳಗೆ ಬಂದು ಕುಡಿಯಲು ನೀರು ಕೇಳಿದಳು. ಕಮಲಾಕ್ಷಿ ಕೊಟ್ಟಳು.

"ಒಪ್ಪಿದಳು," ಅಂದಳು ಸದಫ್. "ಅವಳು ಅಲ್ಲಿದ್ದರೆ ನನ್ನನ್ನ ಕರೆಯೋಕೆ ಒಬ್ಬರಾದರೂ ಇರ್ತಾರೆ. ಇಬ್ಬರೂ ಇಲ್ಲೇ ಇದ್ದರೆ ಕರೆಯೋರು ಯಾರು? ಕಣ್ಣೂ ಹೋಗ್ತಿದೆ. ಅಲ್ಲಿ ಡಾಕ್ಟರಿಗೆ ತೋರಿಸಬಹುದು." ಲೋಟ ಕೆಳಗಿಟ್ಟಳು. "ಅಲ್ಲಿ ಹೋಗಿ ಬೀದಿ ದಾಟೋದು ಹೇಗೆ ಅಂತ ಕೇಳ್ತಾಳೆ."

"ನೀನು ಇಲ್ಲೇ ಇರ್ತೀಯಲ್ಲ? ಬಾಡಿಗೆ ಏನೂ ಬೇಡ."

"ಅಹಮದಾಬಾದಿನ ಬೋಪಲ್ ಬಡಾವಣೆಯಲ್ಲಿ ಇಬ್ಬರು ನರ್ಸುಗಳ ಜೊತೆ ಕೋಣೆ ನೋಡಿದೀನಿ. ಆಸ್ಪತ್ರೆಗೆ ಹತ್ತಿರ."

ಕಮಲಾಕ್ಷಿ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದು ಒಂದು ಸಲ ಸಾಕಾಗಿತ್ತು.

ವಿಮಾನದ ದಿನ ಮೂವರೂ ನಸುಕಿನಲ್ಲೇ ಬಾಡಿಗೆ ಕಾರಿನಲ್ಲಿ ಅಹಮದಾಬಾದಿಗೆ ಹೋದರು. ಮರ್ಜಿಯಾಳ ಕೊರಳಿಗೆ ಕಾಗದಗಳ ಒಂದು ಬಿಳಿ ಚೀಲ ತೂಗುಹಾಕಿದ್ದರು. ಯಾರು ನೋಡಿದರೂ ಇವಳನ್ನು ಎಲ್ಲಿಗೆ ಮುಟ್ಟಿಸಬೇಕೆಂದು ತಿಳಿಯಲಿ ಎಂದು. ದಾರಿಯುದ್ದಕ್ಕೂ ಅವಳು ಸದಫ್‌ಳ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಿದ್ದಳು. ಕಮಲಾಕ್ಷಿ ಮುಂದೆ ಡ್ರೈವರನ ಪಕ್ಕ ಕೂತಿದ್ದಳು.

ಗಾಜಿನ ಬಾಗಿಲ ಮುಂದೆ ಮರ್ಜಿಯಾ ಮೊದಲು ಕಮಲಾಕ್ಷಿಯನ್ನು ಅಪ್ಪಿಕೊಂಡಳು. ಬೆನ್ನ ಮೇಲೆ ಎರಡು ಸಲ ತಟ್ಟಿದಳು. "ನಿನ್ನ ಹಪ್ಪಳ ಈಗಲೂ ದಪ್ಪ," ಅಂದಳು. ಆಮೇಲೆ ಸದಫ್‌ಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳಿನಿಂದ ಹುಬ್ಬು, ಮೂಗು, ಗಲ್ಲ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಹಿಂದೆ ಸಾಲಿನಲ್ಲಿದ್ದವರು ಕಾದರು. ಗಾಲಿಕುರ್ಚಿಯವನು ಬಂದು ಅವಳನ್ನು ಕೂರಿಸಿ ಒಳಗೆ ತಳ್ಳಿಕೊಂಡು ಹೋದ. ಒಳಗೆ ಹೋದ ಮೇಲೆ ಅವಳು ತಿರುಗಿ ಕೈ ಬೀಸಿದಳು, ಬಹಳ ಹೊತ್ತು ಬೀಸಿದಳು. ಆದರೆ ಅವರಿಬ್ಬರೂ ನಿಂತ ಕಡೆಗಲ್ಲ. ಬಲಗಡೆ, ಯಾರದೋ ಸಂಸಾರವೊಂದು ನಿಂತಿತ್ತು, ಆ ಕಡೆಗೆ.

ಸದಫ್ ಆ ಸಂಸಾರದತ್ತ ನಾಲ್ಕು ಹೆಜ್ಜೆ ಓಡಿ, ಅಲ್ಲಿ ನಿಂತು ಕೈ ಎತ್ತಿದಳು. ಅಷ್ಟರಲ್ಲಿ ಕುರ್ಚಿ ತಿರುಗಿತ್ತು.

ಬಾಡಿಗೆ ಕಾರು ಅವರನ್ನು ಇಳಿಸಿ ಹೋಗಿದ್ದರಿಂದ, ಹೊರಗೆ ಬಂದು ಗೀತಾಮಂದಿರದ ಬಸ್ ನಿಲ್ದಾಣದವರೆಗೂ ಆಟೋದಲ್ಲಿ ಕೂಡಿ ಬಂದರು. ಕಮಲಾಕ್ಷಿ ದಾರಿಯಲ್ಲೆಲ್ಲ ಕೂಡಿಸಿಟ್ಟುಕೊಂಡಿದ್ದ ಮಾತನ್ನು ಅಲ್ಲಿ ಹೇಳಿದಳು.

"ನಿನ್ನ ಹೊಸ ಅರ್ಜಿ ಇದೆಯಲ್ಲ. ಅದಕ್ಕೆ ಏನೇ ಬೇಕಾದರೂ ನಾವಿದ್ದೀವಿ. ಅಂಕಲ್‌ಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ. ನಾನೂ ಬಂದು ಕೂತಿರ್ತೀನಿ."

"ಬೇಡ, ಆಂಟಿ. ನಾನೇ ಬರೀತೀನಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಮಲಾಕ್ಷಿ ಅದನ್ನು ಹಿಡಿದುಕೊಂಡು ಏನಾದರೂ ಹೇಳಬಹುದಿತ್ತು, ಕಾಲಿಗೆ ಬೀಳಲೂಬಹುದಿತ್ತು. ಸದಫ್ ವಡೋದರಾದ ಬಸ್ಸು ಹುಡುಕಿದಳು, ಕಿಟಕಿಯ ಸೀಟು ನೋಡಿ ಕೂರಿಸಿದಳು, ನೀರಿನ ಬಾಟಲಿ ಮತ್ತು ಎರಡು ಬಾಳೆಹಣ್ಣು ತಂದು ಮಡಿಲಲ್ಲಿಟ್ಟಳು. ಕಂಡಕ್ಟರನ ಹತ್ತಿರ ಹೋಗಿ ಚೆಂದದ ಗುಜರಾತಿಯಲ್ಲಿ, ಈ ಅಜ್ಜಿಯನ್ನು ಅಮಿತ್‌ನಗರದಲ್ಲಿ ಜೋಪಾನವಾಗಿ ಇಳಿಸಿ, ಅವರಿಗೆ ಮೊಣಕಾಲು ನೋವು, ಅವಸರ ಮಾಡಬೇಡಿ ಎಂದು ಹೇಳಿದಳು. ನಾಲ್ಕು ವರ್ಷ ಮೇಲಿನ ಮನೆಯಲ್ಲಿದ್ದ ಹುಡುಗಿ, ದಾರಿಯಲ್ಲಿ ಸಿಕ್ಕ ಯಾವುದೇ ಮುದುಕಿಗೆ ಮಾಡುವಷ್ಟನ್ನು ಒಂದೂ ಬಿಡದೆ ಮಾಡಿದಳು.

"ಮುಟ್ಟಿದ ಮೇಲೆ ಅಂಕಲ್ ಕೈಲಿ ಒಂದು ಮೆಸೇಜು ಹಾಕಿಸಿ," ಅಂದಳು.

"ನೀನು ಏನಾದರೂ ತಿಂದೆಯಾ ಬೆಳಗಿನಿಂದ?" ಎಂದು ಕೇಳಲು ಕಮಲಾಕ್ಷಿ ಕಿಟಕಿಯ ಗಾಜು ಸರಿಸಿದಳು. ಅದು ಬಿಗಿಯಾಗಿತ್ತು, ಎರಡೂ ಕೈ ಹಚ್ಚಿ ಎಳೆಯಬೇಕಾಯಿತು. ಸರಿದಾಗ ಕೆಳಗೆ ಕಡಲೆಕಾಯಿ ಮಾರುವವನೊಬ್ಬ ನಿಂತಿದ್ದ. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ಸದಫ್ ಹೋಗಿಬಿಟ್ಟಿದ್ದಳು. ಎರಡು ಗಂಟೆಗೆ ಅವಳ ಪಾಳಿ.